ನಿಧಿ, ನಿಕ್ಷೇಪ, ಪಾಷಾಣ: ಒಂದು ಹಳ್ಳಿಯ ಇಗರ್ಜಿಯೂ ನಮ್ಮ ಸೀಮೆಯ ಕಲ್ಲುಗಳೂ

ನಮ್ಮ ನಾಡಿನ ದಾನಶಾಸನಗಳನ್ನು ಓದುವ ಅಭ್ಯಾಸವಿರುವವರಿಗೆ ‘ಅಷ್ಟಭೋಗ ತೇಜಸ್ವಾಮ್ಯ’ ಎಂಬ ಮಾತು ಪರಿಚಿತವಾಗಿಯೇ ಇರುತ್ತದೆ. ಅರಸನು ಒಂದು ಊರನ್ನೋ ಒಂದು ತುಂಡು ಗದ್ದೆಯನ್ನೋ ಧಾರೆಯೆರೆದು ಕೊಡುವಾಗ ಅದರೊಡನೆ ಎಂಟು ಬಗೆಯ ಹಕ್ಕುಗಳನ್ನೂ ಕೊಡುತ್ತಿದ್ದನು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬಿವೇ ಆ ಎಂಟು. ಹೂತಿಟ್ಟ ಧನ, ಇರಿಸಿಟ್ಟ ಒಡವೆ, ನೀರು, ಕಲ್ಲು, ಕುಂದದ ಆದಾಯ, ಮುಂದೆ ಬರಬಹುದಾದದ್ದು, ಈಗಾಗಲೇ ಕೈಗೂಡಿದ್ದು, ಇನ್ನು ಕೈಗೂಡಿಸಿಕೊಳ್ಳಬಹುದಾದದ್ದು ಎಂದು ಅವುಗಳ ಅರ್ಥವನ್ನು ಸ್ಥೂಲವಾಗಿ ಹೇಳಬಹುದು. ಈ ಎಂಟರಲ್ಲಿ ನಮ್ಮ ಜನ ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡರು. ನಾಲ್ಕನೆಯದಾದ ಪಾಷಾಣವನ್ನು ಮರೆತರು. ಈ ಬರಹ ಆ ಮರೆತದ್ದನ್ನು ಕುರಿತದ್ದು.

ಮಲೆನಾಡಿನ ಹಳ್ಳಿಗಳಲ್ಲಿ ಬೆಳೆದವರೆಲ್ಲರೂ ನಿಧಿಯ ಕಥೆಗಳನ್ನು ಕೇಳಿಯೇ ಬೆಳೆದವರು. ಹಾಡ್ಯದ ನಡುವಿನ ಪಾಳುಗುಡಿಯ ಕೆಳಗೆ ಏಳು ಕೊಪ್ಪರಿಗೆ ಹೊನ್ನಿದೆಯೆಂದೂ, ಅದನ್ನು ಸರ್ಪವೊಂದು ಕಾಯುತ್ತಿದೆಯೆಂದೂ, ಅಂಜನ ಹಾಕಿ ನೋಡಬಲ್ಲವರಿಗೆ ಮಾತ್ರ ಅದು ಕಾಣುವುದೆಂದೂ ಹೇಳದ ಅಜ್ಜಿಯರಿಲ್ಲ. ಕಥೆಯಾಗಿ ಇವು ಸೊಗಸಾಗಿಯೇ ಇವೆ. ತೊಂದರೆ ಹುಟ್ಟುವುದು ಗುದ್ದಲಿ ಹಿಡಿದವನು ಕಥೆಯನ್ನು ನಂಬಿದಾಗ. ಶಾಸನದ ಕಲ್ಲಿನ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಕೆತ್ತಿರುತ್ತಾರೆ. ಸೂರ್ಯಚಂದ್ರರಿರುವವರೆಗೂ ಈ ದಾನ ನಡೆಯಲಿ ಎಂಬುದು ಅದರ ತಾತ್ಪರ್ಯ. ನಿಧಿಗಳ್ಳನ ಕಣ್ಣಿಗೆ ಅದೇ ‘ಗುರುತು’. ಹಸುಕರುವಿನ ಚಿತ್ರವಿದ್ದರಂತೂ ಕೇಳುವುದೇ ಬೇಡ, ಹಸುವಿನ ಮುಖ ತಿರುಗಿರುವ ಕಡೆಗೆ ಇಷ್ಟು ಮಾರು ಅಳೆದು ಅಗೆಯಬೇಕೆಂಬ ‘ಶಾಸ್ತ್ರ’ವೇ ಬೆಳೆದಿದೆ. ಅಗೆದಾಗ ಮಣ್ಣೇ ಸಿಕ್ಕುತ್ತದೆ. ಆಗ ಕಲ್ಲಿನೊಳಗೇ ಇರಬೇಕೆಂದು ಕಲ್ಲನ್ನು ಒಡೆಯುತ್ತಾರೆ.

ಇದು ಹಳೆಯ ಕಾಲದ ಮೌಢ್ಯವೆಂದು ಯಾರೂ ಸಮಾಧಾನಪಟ್ಟುಕೊಳ್ಳುವಂತಿಲ್ಲ. 2019ರ ಜುಲೈ ತಿಂಗಳಿನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ಇಂಥವರೇ ಕಿತ್ತು ಚೆಲ್ಲಿದರು. ಕೃಷ್ಣದೇವರಾಯನಿಗೆ ಗುರುಸಮಾನರಾಗಿದ್ದು 1539ರಲ್ಲಿ ತೀರಿಕೊಂಡ ಯತಿಯೊಬ್ಬರ ಸಮಾಧಿಯದು. ನಾಡೆಲ್ಲ ಮರುಗಿತು, ಭಕ್ತರು ಸೇರಿ ಅದನ್ನು ಕೂಡಲೇ ಮತ್ತೆ ಕಟ್ಟಿ ನಿಲ್ಲಿಸಿದರು. ಹೆಸರಿಲ್ಲದ ವೀರಗಲ್ಲಿಗೆ ಆ ಭಾಗ್ಯವಿಲ್ಲ. ನಮ್ಮ ಬಸರೀಕಟ್ಟೆಯ ಆಸುಪಾಸಿನಲ್ಲಿ, ಕಾಫಿತೋಟದ ಬೇಲಿಗೆ ತಾಗಿದಂತೆ, ನಾನು ಚಿಕ್ಕಂದಿನಿಂದ ನೋಡುತ್ತಿದ್ದ ಒಂದು ವೀರಗಲ್ಲಿತ್ತು. ಒಂದು ಅಮಾವಾಸ್ಯೆಯ ಮರುದಿನ ಅದು ಎರಡು ತುಂಡಾಗಿ ಬಿದ್ದಿತ್ತು. ಪಕ್ಕದಲ್ಲಿ ಮೊಣಕಾಲುದ್ದದ ಗುಂಡಿ, ಒಂದಿಷ್ಟು ಕುಂಕುಮ, ಒಡೆದ ತೆಂಗಿನಕಾಯಿ. ಕೆಳಗಿನ ತುಂಡನ್ನು ಯಾರೋ ಮೋರಿಗೆ ಹಾಸಿಕೊಂಡರು. ಮೇಲಿನದು ಎಲ್ಲಿ ಹೋಯಿತೋ ತಿಳಿಯದು. ದೂರು ಕೊಡುವವರೂ ಇರಲಿಲ್ಲ, ಕೊಟ್ಟರೆ ಬರೆದುಕೊಳ್ಳುವ ಉತ್ಸಾಹವೂ ಯಾರಿಗೂ ಇರಲಿಲ್ಲ.

ಸರಕಾರದ ಕಾನೂನು ಇಲ್ಲದಿಲ್ಲ. ಬ್ರಿಟಿಷರು 1878ರಲ್ಲಿಯೇ ನಿಧಿಯ ಕಾಯಿದೆಯೊಂದನ್ನು ಮಾಡಿದರು. ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಸಿಕ್ಕವನು ಕಲೆಕ್ಟರಿಗೆ ಬರೆದು ತಿಳಿಸಬೇಕೆಂದು ಅದು ವಿಧಿಸಿತು. ನೆಲದೊಳಗಿನ ಹೊನ್ನಿಗೆ ಹೀಗೆ ಲೆಕ್ಕವಿಟ್ಟ ಕಾಯಿದೆ, ನೆಲದ ಮೇಲೆ ನಿಂತಿದ್ದ ಅನಾಥ ಕಲ್ಲಿನ ಕುರಿತು ಏನನ್ನೂ ಹೇಳಲಿಲ್ಲ.

ಇನ್ನು ಬೇರೊಂದು ಬಗೆಯ ನಿಧಿಶೋಧದ ವಿಷಯಕ್ಕೆ ಬರುತ್ತೇನೆ. ಇದು ಆಟ. ಇದರ ಹೆಸರು ಜಿಯೋಕ್ಯಾಶಿಂಗ್.

ಆಕಾಶದಲ್ಲಿ ಸುತ್ತುವ ಉಪಗ್ರಹಗಳ ಸಂಕೇತವನ್ನು ಹಿಡಿದು ನಾವಿರುವ ಜಾಗದ ಅಕ್ಷಾಂಶ ರೇಖಾಂಶಗಳನ್ನು ತೋರಿಸುವ ಜಿ.ಪಿ.ಎಸ್. ಎಂಬ ವ್ಯವಸ್ಥೆ ಅಮೆರಿಕದ ಸೇನೆಯದು. ಸಾಮಾನ್ಯರಿಗೆ ಸಿಗುತ್ತಿದ್ದ ಸಂಕೇತವನ್ನು ಅವರು ಬೇಕೆಂದೇ ಕೆಡಿಸಿ ಕೊಡುತ್ತಿದ್ದರು. ಅದರಲ್ಲಿ ನೂರು ಮೀಟರಿನಷ್ಟು ಹೆಚ್ಚುಕಡಿಮೆ ಬರುತ್ತಿತ್ತು. 2000ನೆಯ ಇಸವಿಯ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಕ್ಲಿಂಟನ್ನರ ಆದೇಶದಂತೆ ಈ ಕೆಡಿಸುವಿಕೆ ನಿಂತಿತು. ಒಂದೆರಡು ದಿನಗಳಲ್ಲಿಯೇ, ಮೇ 3ರಂದು, ಆರೆಗಾನ್ ಪ್ರಾಂತದ ಡೇವ್ ಉಲ್ಮರ್ ಎಂಬಾತ ಕಾಡಿನಂಚಿನಲ್ಲಿ ಒಂದು ಬಕೆಟ್ಟನ್ನು ಅರ್ಧ ಹೂತಿಟ್ಟು, ಆ ಜಾಗದ ಅಂಕಿಗಳನ್ನು ಅಂತರಜಾಲದಲ್ಲಿ ಪ್ರಕಟಿಸಿದನು. ಅದರಲ್ಲಿ ಇದ್ದದ್ದು ಕೆಲವು ಪುಸ್ತಕ, ವಿಡಿಯೋ, ಒಂದು ಕವಣೆ, ಒಂದು ಡಬ್ಬಿ ಬೇಯಿಸಿದ ಕಾಳು. ಮೂರೇ ದಿನದಲ್ಲಿ ಇಬ್ಬರು ಹುಡುಕಿಕೊಂಡು ಹೋದರು. ಆಟ ಜಗತ್ತಿಗೆಲ್ಲ ಹಬ್ಬಿತು. ಬಕೆಟ್ಟನ್ನು ಹೂತಿದ್ದ ಆತನ ಕ್ರಮ ಮಾತ್ರ ಮುಂದುವರಿಯಲಿಲ್ಲ. ನೆಲವನ್ನು ಅಗೆಯಕೂಡದು, ಜಾಗದ ಒಡೆಯರ ಅನುಮತಿಯಿಲ್ಲದೆ ಡಬ್ಬಿ ಇಡಕೂಡದು ಎಂಬುವು ಈ ಆಟದ ಮುಖ್ಯ ನಿಯಮಗಳಾದವು. ನಿಧಿಶೋಧದಲ್ಲಿ ಅಗೆಯುವುದೇ ನಿಷಿದ್ಧ! ನಮ್ಮವರಿಗೆ ಹೇಳಿದರೆ ನಕ್ಕಾರು.

ಇಂಗ್ಲೆಂಡಿನವರಿಗೆ ಈ ಆಟದ ರುಚಿ ಬೇಗನೆ ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ. ಡಾರ್ಟ್‌ಮೂರಿನ ಬಯಲಿನಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ 1854ರಲ್ಲಿಯೇ ಒಂದು ಸೀಸೆಯಿಟ್ಟು, ಅಷ್ಟು ದೂರ ನಡೆದು ಬಂದವರು ತಮ್ಮ ಚೀಟಿಯನ್ನು ಅದರಲ್ಲಿ ಬಿಟ್ಟುಹೋಗುವ ಪದ್ಧತಿ ಮಾಡಿದ್ದನು. ಈಗ ಅಲ್ಲಿ ಹಳ್ಳಿಯ ಇಗರ್ಜಿಗಳನ್ನು ಸುತ್ತುವುದಕ್ಕಾಗಿಯೇ ಈ ಆಟದ ಒಂದು ಸರಣಿ ನಡೆಯುತ್ತದೆ. ಡಬ್ಬಿಯ ಜಾಗವನ್ನು ನೇರವಾಗಿ ಹೇಳುವುದಿಲ್ಲ. ಇಗರ್ಜಿಯ ಅಂಗಳಕ್ಕೆ ಬನ್ನಿ. ಬಾಗಿಲಿನ ಎಡಗಡೆಯ ಸಮಾಧಿಯ ಮೇಲಿನ ಇಸವಿಯ ಕೊನೆಯ ಅಂಕಿ ಯಾವುದು, ಗೋಡೆಯ ಫಲಕದಲ್ಲಿ ಎಷ್ಟು ಹೆಸರುಗಳಿವೆ, ಇವನ್ನು ಕೂಡಿ ಕಳೆದು ಬಿಟ್ಟ ಸ್ಥಳ ತುಂಬಿರಿ ಎನ್ನುತ್ತಾರೆ. ಒಟ್ಟಿನಲ್ಲಿ ಕಲ್ಲನ್ನು ಓದದೆ ಡಬ್ಬಿ ಸಿಕ್ಕುವುದಿಲ್ಲ. ಆ ಡಬ್ಬಿಯಲ್ಲಿಯೂ ಹೆಚ್ಚೆಂದರೆ ಹೆಬ್ಬೆಟ್ಟಿನ ಗಾತ್ರದ ಒಂದು ಸುರುಳಿ ಕಾಗದವಿದ್ದೀತು, ಬಂದವರು ತಮ್ಮ ಹೆಸರು ಬರೆಯುವುದಕ್ಕೆ.

ಈ ಆಟದ ಪರಿಚಯ ನನಗಾದದ್ದು ಬಕಿಂಗ್‌ಹ್ಯಾಮ್‌ಶೈರಿನ ಸ್ಟೋಕ್ ಪೋಜಸ್ ಎಂಬ ಹಳ್ಳಿಯಲ್ಲಿ. ಮಗಳ ಸಂಸಾರ ಆಗ ಸ್ಲೌ ಪಟ್ಟಣದಲ್ಲಿತ್ತು, ಹಳ್ಳಿ ಅದರ ಉತ್ತರಕ್ಕೆ ಹತ್ತಿರದಲ್ಲೇ ಇದೆ. ನನ್ನ ವಯಸ್ಸಿನವರು, ಇಂಗ್ಲಿಷ್ ಪಠ್ಯದಲ್ಲಿ ಥಾಮಸ್ ಗ್ರೇ ಕವಿಯ ‘ಎಲಿಜಿ’ಯನ್ನು ಕಂಠಪಾಠ ಮಾಡಿದವರು, ಆ ಹಳ್ಳಿಯ ಹೆಸರನ್ನು ಮರೆಯಲಾರರು. ಹಳ್ಳಿಯ ಇಗರ್ಜಿಯ ಅಂಗಳದಲ್ಲಿ, ಹೆಸರಿಲ್ಲದೆ ಮಣ್ಣಾದ ಬಡ ರೈತರನ್ನು ನೆನೆದು ಬರೆದ ಆ ದೀರ್ಘ ಕವಿತೆ 1751ರಲ್ಲಿ ಪ್ರಕಟವಾಯಿತು. ಆ ಅಂಗಳ ಸ್ಟೋಕ್ ಪೋಜಸ್ಸಿನ ಸಂತ ಜೈಲ್ಸರ ಇಗರ್ಜಿಯದೆಂದು ಬಹುಜನರ ನಂಬಿಕೆ. ಬೇರೆ ಊರುಗಳವರೂ ತಮ್ಮದೆನ್ನುತ್ತಾರೆ. ಆ ವಿವಾದ ನಮಗೆ ಬೇಡ. ಗ್ರೇ ಕವಿಯ ಸಮಾಧಿ ಇರುವುದಂತೂ ಇಲ್ಲಿಯೇ.

ಆಗ ಹತ್ತು ವರ್ಷದವಳಾಗಿದ್ದ ಮೊಮ್ಮಗಳು, ಆಟದ ರೀತಿಯಲ್ಲಿಯೇ, ನನಗಾಗಿ ಒಂದು ಪ್ರಶ್ನೆಪತ್ರಿಕೆ ತಯಾರಿಸಿದ್ದಳು. ಮೇಲ್ಗಡೆ ‘ಉತ್ತರ 51 ಡಿಗ್ರಿ 32 ಮಿನಿಟು’ ಎಂದು ಬರೆದು ಮುಂದಿನ ಅಂಕಿಗಳ ಜಾಗವನ್ನು ಖಾಲಿ ಬಿಟ್ಟಿದ್ದಳು. ನಲವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಬಿಟ್ಟ ಸ್ಥಳ ತುಂಬಿರಿ ಎಂದವನಿಗೆ ಇದೂ ಒಂದು ಪ್ರಾಪ್ತಿ.

ಇಗರ್ಜಿ ದೊಡ್ಡದಲ್ಲ. ಕಲ್ಲಿನ ಗೋಡೆಗಳಲ್ಲಿ ನಾರ್ಮನ್ನರ ಕಾಲದ ಕೆಲಸವಿದೆ. ಒಂದು ಪಕ್ಕಕ್ಕೆ 1558ರ ಇಟ್ಟಿಗೆಯ ಪುಟ್ಟ ಪ್ರಾರ್ಥನಾಮಂದಿರ ಅಂಟಿಕೊಂಡಿದೆ. ಅಂಗಳದಲ್ಲಿ ಬಹಳ ಹಳೆಯದಾದ ಒಂದು ಯೂ ಮರ. ಕಿಟಕಿಯೊಂದರ ಬಣ್ಣದ ಗಾಜಿನಲ್ಲಿ ಚಕ್ರದ ಬಂಡಿಯಂಥ ಒಂದು ಸಾಧನದ ಮೇಲೆ ಕುಳಿತು ಕಹಳೆಯೂದುವ ಆಕೃತಿಯಿದೆ. ಅದು ಬೈಸಿಕಲ್ ಹುಟ್ಟುವುದಕ್ಕೆ ಎಷ್ಟೋ ಮುಂಚಿನ ಗಾಜು. ಆದರೂ ಊರವರು ಅದನ್ನು ಬೈಸಿಕಲ್ ಕಿಟಕಿಯೆಂದೇ ತೋರಿಸುತ್ತಾರೆ. ಪ್ರಶ್ನೆಪತ್ರಿಕೆಯಲ್ಲಿ ಅದಕ್ಕೊಂದು ಅಂಕ ಇಟ್ಟಿದ್ದಳು.

ಎರಡನೆಯ ಪ್ರಶ್ನೆ ಕವಿಯ ಸಮಾಧಿಯನ್ನು ಕುರಿತದ್ದು. ಪೂರ್ವದ ಗೋಡೆಯ ಬಳಿ ಇಟ್ಟಿಗೆ ಕಟ್ಟಿ ಮೇಲೆ ಕಲ್ಲು ಹಾಸಿದ ಸಾಧಾರಣ ಸಮಾಧಿ. ಕಲ್ಲಿನ ಮೇಲೆ ಕವಿಯ ದೊಡ್ಡಮ್ಮ ಮೇರಿ ಆಂಟ್ರೋಬಸ್ ತೀರಿಕೊಂಡ 1749 ಇದೆ, ತಾಯಿ ಡೊರೊತಿ ತೀರಿಕೊಂಡ 1753 ಇದೆ. ಹನ್ನೆರಡು ಮಕ್ಕಳನ್ನು ಹೆತ್ತ ತಾಯಿಗೆ ಉಳಿದದ್ದು ಈ ಒಬ್ಬನೇ ಮಗ. ತಾಯಿಯ ಸಮಾಧಿಗೆ ಬರಹವನ್ನು ಆತನೇ ರಚಿಸಿದನು. 1771ರಲ್ಲಿ ತಾನು ಸತ್ತಾಗ ಅದೇ ಸಮಾಧಿಯಲ್ಲಿ ತನ್ನನ್ನೂ ಇಡಿಸಿಕೊಂಡನು. ಆದರೆ ಆ ಕಲ್ಲಿನ ಮೇಲೆ ಆತನ ಹೆಸರಿಲ್ಲ! ಬಂದವರೆಲ್ಲ ಕಲ್ಲನ್ನು ಸುತ್ತಿ ಸುತ್ತಿ ನೋಡುತ್ತಾರೆ. ಎದುರಿನ ಗೋಡೆಯಲ್ಲಿ, ಕಿಟಕಿಯ ಕೆಳಗೆ, ಚಿಕ್ಕದೊಂದು ಫಲಕವಿದೆ. ಈ ಎದುರಿನ ಸಮಾಧಿಯಲ್ಲಿಯೇ ಗ್ರೇ ಕವಿಯನ್ನೂ ಇಟ್ಟಿದೆಯೆಂದು ಅದು ಹೇಳುತ್ತದೆ. ಹೆಸರಿಲ್ಲದವರ ಕವಿಗೆ ತನ್ನ ಸಮಾಧಿಯ ಮೇಲೆಯೇ ಹೆಸರಿಲ್ಲವೆಂಬುದನ್ನು ಎಷ್ಟೋ ವರ್ಷ ಆ ಕವಿತೆಯನ್ನು ಪಾಠ ಹೇಳಿದ ನನಗೆ ಯಾವ ಟಿಪ್ಪಣಿ ಪುಸ್ತಕವೂ ತಿಳಿಸಿರಲಿಲ್ಲ. ‘ಅಜ್ಜ, ಇದನ್ನು ಕಂಡುಹಿಡಿಯಲಿ ಅಂತಲೇ ಕೇಳಿದ್ದು’ ಎಂದಳು ಹುಡುಗಿ.

ಕೊನೆಯ ಪ್ರಶ್ನೆ ಅಂಗಳದಾಚೆಯ ಹುಲ್ಲುಗಾವಲಿನದು. ಅಲ್ಲಿ ಭಾರಿ ಪೀಠದ ಮೇಲೆ ಕಲ್ಲಿನ ಪೆಟ್ಟಿಗೆಯನ್ನು ಕೂರಿಸಿದ ಸ್ಮಾರಕವೊಂದಿದೆ. ಸ್ಟೋಕ್ ಪಾರ್ಕಿನ ಒಡೆಯನಾಗಿದ್ದ ಜಾನ್ ಪೆನ್ 1799ರಲ್ಲಿ ಇದನ್ನು ನಿಲ್ಲಿಸಿದನು. ಪೆನ್ಸಿಲ್ವೇನಿಯಕ್ಕೆ ಯಾರ ಮನೆತನದ ಹೆಸರು ಬಂದಿದೆಯೋ ಆ ಪೆನ್ನರ ವಂಶದವನೇ ಈತ. ನಾಲ್ಕೂ ಮಗ್ಗುಲಿಗೆ ಬರಹ ಕೆತ್ತಿಸಿದ್ದಾನೆ. ಆ ಸರಳವಾದ ಇಟ್ಟಿಗೆ ಸಮಾಧಿಯನ್ನು ನೋಡಿ ಬಂದ ಕಣ್ಣಿಗೆ ಇದು ಸ್ವಲ್ಪ ಅತಿಯೆಂದೇ ತೋರಿತು. 1799 ಎಂದೊಡನೆ ನಮಗೆ ಶ್ರೀರಂಗಪಟ್ಟಣ ನೆನಪಾಗದಿರದು. ಅಲ್ಲಿ ಕೋಟೆ ಬಿದ್ದ ವರ್ಷವೇ ಇಲ್ಲಿ ಈ ಕಲ್ಲು ಎದ್ದಿತು. ಡಬ್ಬಿ ಎಲ್ಲಿತ್ತೆಂದು ಕೇಳುವಿರಾದರೆ, ಬೆಂಚಿನ ಮೇಲೆ ಕುಳಿತಿದ್ದ ಅಳಿಯನ ಕೋಟಿನ ಜೇಬಿನಲ್ಲಿ. ಅನುಮತಿಯಿಲ್ಲದೆ ಇಗರ್ಜಿಯ ನೆಲದಲ್ಲಿ ಏನನ್ನೂ ಇಡುವಂತಿಲ್ಲವಷ್ಟೆ.

ಆ ಸಂಜೆ ನನ್ನನ್ನು ಕಾಡಿದ್ದು ಗ್ರೇ ಕವಿಯಲ್ಲ, ನಮ್ಮೂರಿನ ಮೋರಿಯ ಹಾಸುಗಲ್ಲು. ಗ್ರೇ ಮರುಗಿದ್ದು ಹೆಸರಿಲ್ಲದೆ ಹೋದ ಹಳ್ಳಿಗರಿಗಾಗಿ. ನಮ್ಮ ಸೀಮೆಯಲ್ಲಿಯಾದರೋ ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಮಡಿದ ಸಾಮಾನ್ಯ ಗೋವಳನಿಗೂ ಕಲ್ಲು ನಿಲ್ಲಿಸಿದರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಗಂಡನ ಚಿತೆಯೇರಿದ ಹೆಂಗಸಿಗೆ ಬಳೆ ತೊಟ್ಟ ಕೈ ಎತ್ತಿದ ಮಾಸ್ತಿಕಲ್ಲು. ಎಷ್ಟೋ ಕಲ್ಲುಗಳಲ್ಲಿ ಹೆಸರು, ಊರು, ಆಳುತ್ತಿದ್ದ ಅರಸ ಎಲ್ಲವೂ ಇರುತ್ತವೆ. ಹಳ್ಳಿಯ ಬಡವನಿಗೆ ಇಷ್ಟು ಗೌರವ ಕೊಟ್ಟ ನಾಡು ಹೆಚ್ಚಿಲ್ಲ. ಕೊಟ್ಟ ನಾವೇ ಈಗ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದೇವೆ, ಅಥವಾ ಹೊನ್ನಿಗಾಗಿ ಒಡೆಯುತ್ತಿದ್ದೇವೆ.

ಕಲ್ಲು ಹುಡುಕುವ ಆಟವೂ ನಮಗೆ ಹೊಸದಲ್ಲ. ಅದನ್ನು ಎಲ್ಲರಿಗಿಂತ ದೊಡ್ಡ ಪ್ರಮಾಣದಲ್ಲಿ ಆಡಿದವರು ಬೆಂಜಮಿನ್ ಲೂಯಿಸ್ ರೈಸ್. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು, ಪಾದ್ರಿಯೊಬ್ಬರ ಮಗ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ, ಪೇಟೆಯ ಗದ್ದಲದ ನಡುವೆ, ಇಂದಿಗೂ ಇರುವ ರೈಸ್ ಸ್ಮಾರಕ ಇಗರ್ಜಿ ಅವರ ತಂದೆಯ ಹೆಸರಿನದು. ಮಗ ಇಗರ್ಜಿಯ ಕಡೆಗೆ ಹೋಗಲಿಲ್ಲ. ಶಿಕ್ಷಣ ಇಲಾಖೆಯಲ್ಲಿದ್ದುಕೊಂಡು ಊರೂರು ತಿರುಗುತ್ತ ಕಲ್ಲಿನ ಬರಹಗಳ ಗೀಳು ಹಚ್ಚಿಕೊಂಡರು. ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳು ಅಚ್ಚಾದವು. ನಮ್ಮ ಕೊಪ್ಪ, ಶೃಂಗೇರಿ ಸೀಮೆಗಳ ಶಾಸನಗಳು 1901ರ ಆರನೆಯ ಸಂಪುಟದಲ್ಲಿವೆ. ನಮ್ಮದು ಆಗ ಕಡೂರು ಜಿಲ್ಲೆ. ತಾಲ್ಲೂಕಿಗೊಂದು ಸರಣಿ, ಸರಣಿಯೊಳಗೆ ಕ್ರಮಸಂಖ್ಯೆ. ಪ್ರತಿ ಶಾಸನದ ತಲೆಯಲ್ಲಿ ಯಾವ ಊರು, ಯಾವ ಗುಡಿಯ ಯಾವ ದಿಕ್ಕು, ಯಾರ ಗದ್ದೆ ಎಂಬ ವಿವರ. ಅದನ್ನು ಹಿಡಿದುಕೊಂಡು ಹೊರಟರೆ ಅಕ್ಷರಶಃ ನಿಧಿಶೋಧವೇ.

ಶಾಸನದೊಳಗೂ ಅಂಥದೇ ಸೂಚನೆಗಳಿರುತ್ತವೆ. ದಾನದ ನೆಲದ ಎಲ್ಲೆಯನ್ನು ಹೇಳುವ ಭಾಗ ನನಗೆ ಬಹಳ ಪ್ರಿಯವಾದದ್ದು. ಮೂಡಲಿಗೆ ಹಳ್ಳ, ತೆಂಕಲಿಗೆ ಹುತ್ತ, ಪಡುವಲಿಗೆ ಇಂಥ ಮರ, ಬಡಗಲಿಗೆ ನೆಟ್ಟ ಕಲ್ಲು ಎಂದು ಅದು ಸಾಗುತ್ತದೆ. ಅಕ್ಷಾಂಶ ರೇಖಾಂಶಗಳಿಲ್ಲದ ಕಾಲದಲ್ಲಿ ಮರ, ಹುತ್ತ, ತೊರೆಗಳೇ ಅಂಕಿಗಳು. ಬಸರೀಕಟ್ಟೆ ಎಂಬ ನಮ್ಮೂರಿನ ಹೆಸರೂ ಅಂಥ ಗುರುತೇ ಅಲ್ಲವೇ? ಬಸರಿಯ ಮರ, ಅದರ ಬುಡಕ್ಕೊಂದು ಕಟ್ಟೆ. ನೆಟ್ಟ ಕಲ್ಲುಗಳಿಗೂ ಭಾಷೆಯಿದೆ. ಬ್ರಾಹ್ಮಣರಿಗೆ ಬಿಟ್ಟ ನೆಲಕ್ಕೆ ಕೊಡೆ ಹಿಡಿದ ವಾಮನನ ಮುದ್ರೆ, ಶಿವಾಲಯದ್ದಕ್ಕೆ ಲಿಂಗಮುದ್ರೆ, ಬಸದಿಯದ್ದಕ್ಕೆ ಮುಕ್ಕೊಡೆ. ಕಳಸವನ್ನು ಆಳಿದ ಭೈರರಸರು ಜೈನರಾಗಿದ್ದ, ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿಯಿರುವ, ನಡುವೆ ಶೃಂಗೇರಿಯ ಮಠವಿರುವ ಈ ಸೀಮೆಯಲ್ಲಿ ಮೂರು ಬಗೆಯ ಮುದ್ರೆಗಳಿಗೂ ಕಣ್ಣು ತೆರೆದಿರಬೇಕು.

ರೈಸರ ಸಂಪುಟಗಳನ್ನು ಜಿ.ಪಿ.ಎಸ್. ಜೊತೆಗೆ ಜೋಡಿಸಿದ ಕೆಲಸ ನಡೆದಿರುವುದು ಬೆಂಗಳೂರಿನಲ್ಲಿ. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ 2021ರಲ್ಲಿ ಬೆಂಗಳೂರು ಸೀಮೆಯ ಶಾಸನಗಳನ್ನು ಒಂದೊಂದಾಗಿ ಹುಡುಕಿ, ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ಜಾಗವನ್ನು ಗುರುತಿಸುವ ಯೋಜನೆ ಕೈಗೊಂಡಿತು. ಅದಕ್ಕೂ ಮೊದಲೇ ಆಸಕ್ತರು ಕೆಲವರು ತಮ್ಮ ಬಿಡುವಿನ ವೇಳೆಯಲ್ಲಿ ಹಳೆಯ ಸಂಪುಟ ಹಿಡಿದು ಬಡಾವಣೆಗಳಲ್ಲಿ ಕಲ್ಲು ಹುಡುಕುತ್ತಿದ್ದರು. 2018ರಲ್ಲಿ ಹೆಬ್ಬಾಳದಲ್ಲಿ ಕಾಮಗಾರಿಯೊಂದರ ವೇಳೆ ಕಿತ್ತಯ್ಯನೆಂಬವನ ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಇಂಥ ಕಲ್ಲು ಕಸದ ರಾಶಿಗೆ ಹೋಗದೆ ಉಳಿದದ್ದು ಓದಬಲ್ಲ ಕಣ್ಣುಗಳು ಹತ್ತಿರದಲ್ಲಿ ಇದ್ದುದರಿಂದ. ಮಲೆನಾಡಿನಲ್ಲಿ ಅಂಥ ಕಣ್ಣುಗಳನ್ನು ತಯಾರಿಸುವ ಕೆಲಸ ಶಾಲೆಗಳದು ಎಂಬುದು ನನ್ನ ಅಭಿಪ್ರಾಯ. ಇಲಾಖೆಯೊಂದನ್ನೇ ನೆಚ್ಚಿಕೊಂಡರೆ ಅದು ಎಷ್ಟು ಹಾಡ್ಯಗಳನ್ನು ಕಾದೀತು?

ಊರಿಗೆ ಮರಳಿದ ಮೇಲೆ ನೆರೆಕೆರೆಯ ಮಕ್ಕಳಿಗಾಗಿ ನಾನೂ ಒಂದು ಪ್ರಶ್ನೆಪತ್ರಿಕೆ ಬರೆದೆ. ಮೊದಲ ನಿಲ್ದಾಣ ಇಗರ್ಜಿಯೇ ಆಗಲೆಂದು ನಮ್ಮ ಸೀಮೆಯ ಒಂದು ಇಗರ್ಜಿಯ ಫಾದರನ್ನು ಕೇಳಿಕೊಂಡೆ. ಸಂತೋಷದಿಂದ ಒಪ್ಪಿದರು. ನಮ್ಮ ಕಡೆಯ ಇಗರ್ಜಿಗಳಿಗೆ ನಾರ್ಮನ್ನರ ಗೋಡೆಗಳಿಲ್ಲ. ಕಾಫಿತೋಟಗಳ ಕೆಲಸಕ್ಕಾಗಿಯೂ ಬೇಸಾಯಕ್ಕಾಗಿಯೂ ಘಟ್ಟದ ಕೆಳಗಿನಿಂದ ಹತ್ತಿ ಬಂದ ಕೊಂಕಣಿ ಕ್ರೈಸ್ತರ ಜೊತೆಗೆ ಬಂದವು ಅವು. ಚಿಕ್ಕಮಗಳೂರು ಧರ್ಮಪ್ರಾಂತ್ಯವೇ ಏರ್ಪಟ್ಟದ್ದು 1963ರಲ್ಲಿ. ಆದರೆ ಅವುಗಳ ಕಪಾಟಿನಲ್ಲಿ ಒಂದು ನಿಧಿಯಿದೆ. ಜ್ಞಾನಸ್ನಾನ, ಮದುವೆ, ಮರಣಗಳ ದಾಖಲೆ ಪುಸ್ತಕಗಳು. ಇಂಗ್ಲೆಂಡಿನ ಹಳ್ಳಿ ಇಗರ್ಜಿಗಳಲ್ಲಿ ಇವನ್ನು 1538ರಿಂದ ಬರೆದಿಡಬೇಕೆಂದು ಆಜ್ಞೆಯಾಗಿತ್ತು. ನಮ್ಮಲ್ಲಿ ಅಷ್ಟು ಹಳೆಯವಲ್ಲದಿದ್ದರೂ, ತೋಟದ ಲೈನುಮನೆಯಲ್ಲಿ ಹುಟ್ಟಿ ಅಲ್ಲಿಯೇ ಸತ್ತ ಕೂಲಿಯವನ ಹೆಸರು, ತಂದೆತಾಯಿಯರ ಹೆಸರು, ದಿನಾಂಕಗಳೊಡನೆ ಸಿಕ್ಕುವುದು ಇಂಥ ಪುಸ್ತಕಗಳಲ್ಲಿ. ಅದೇ ತೋಟಗಳಲ್ಲಿ ದುಡಿದು ಸತ್ತ ಇತರರಿಗೆ ಕಲ್ಲೂ ಇಲ್ಲ, ಕಾಗದವೂ ಇಲ್ಲ. ಪುಸ್ತಕಗಳನ್ನು ಮಕ್ಕಳ ಕೈಗೆ ಕೊಡಲಾಗದು, ಅದು ಸರಿಯಾದ ನಿಯಮವೇ. ಫಾದರು ಒಂದನ್ನು ದೂರದಿಂದ ತೋರಿಸಿ, ಅದರಲ್ಲಿ ಏನೇನು ಬರೆಯುತ್ತಾರೆಂದು ವಿವರಿಸಿದರು.

ಅಂಗಳದಲ್ಲಿ ಅಡಿಗಲ್ಲಿನ ಇಸವಿ, ಶಿಲುಬೆಯ ಮೆಟ್ಟಿಲುಗಳ ಎಣಿಕೆ, ಗಂಟೆಯ ಮೇಲಿನ ಅಕ್ಷರ. ಅಲ್ಲಿಂದ ತೊರೆಯ ದಾರಿ. ಕೊನೆಯ ಪ್ರಶ್ನೆ ಹೀಗಿತ್ತು: ‘ತೊರೆಯ ದಂಡೆಯ ಮನೆಗಳಲ್ಲಿ ಒಗೆಯುವ ಕಲ್ಲುಗಳನ್ನು ಕೇಳಿಕೊಂಡು ಮುಟ್ಟಿ ನೋಡಿ. ಯಾವುದಕ್ಕಾದರೂ ಅಡಿಯಲ್ಲಿ ಚಿತ್ರವಿದೆಯೇ?’ ಉತ್ತರ ನನಗೂ ಗೊತ್ತಿರಲಿಲ್ಲ.

ಮೂರನೆಯ ಮನೆಯ ಕಲ್ಲಿನ ಅಡಿಯಲ್ಲಿ ಬೆರಳಿಗೆ ಏನೋ ತಗಲಿತೆಂದು ಹುಡುಗರು ಕೂಗಿದರು. ಮನೆಯವರ ಒಪ್ಪಿಗೆ ಪಡೆದು, ನಾಲ್ಕು ಜನ ಹಾರೆ ಹಾಕಿ ಮಗುಚಿದರು. ಕೊಡೆ, ಕಮಂಡಲು, ಗಿಡ್ಡ ಕಾಲುಗಳು. ವಾಮನನೇ. ‘ಇಷ್ಟು ವರ್ಷ ದೇವರ ಬೆನ್ನ ಮೇಲೆ ಬಟ್ಟೆ ಒಗೆದೆನಲ್ಲ ಮೇಷ್ಟ್ರೇ’ ಎಂದು ಆ ಮನೆಯ ಹೆಂಗಸು ಪೇಚಾಡಿದರು. ಅದು ಪೂಜೆಯ ಮೂರ್ತಿಯಲ್ಲ, ಎಲ್ಲೆಯ ಗುರುತು, ದೋಷವೇನೂ ಇಲ್ಲವೆಂದು ಹೇಳಿದೆ. ಅವರ ಗಂಡ ತಗ್ಗಿದ ದನಿಯಲ್ಲಿ, ಕೆಳಗೆ ಏನಾದರೂ ಇದ್ದೀತೇ ಎಂದು ಕೇಳಿದರು. ಉತ್ತರ ಕೊಟ್ಟವಳು ಏಳನೆಯ ತರಗತಿಯ ಹುಡುಗಿ: ‘ಇದ್ದದ್ದು ಕಲ್ಲಿನ ಮೇಲೇ ಇದೆ ಮಾವ, ಅಡಿಮೇಲಾಗಿತ್ತು ಅಷ್ಟೆ.’

ಕಲ್ಲನ್ನು ಅವರ ಅಂಗಳದ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿದೆವು. ಒಗೆಯುವುದಕ್ಕೆ ಬೇರೊಂದು ಚಪ್ಪಡಿ ಬಂತು. ಮಕ್ಕಳು ಮೊಬೈಲಿನಲ್ಲಿ ಜಾಗದ ಅಂಕಿಗಳನ್ನು ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ದಾನದ ನೆಲಕ್ಕೆ ಎಲ್ಲೆಗಲ್ಲು ಒಂದೇ ಇರುವುದಿಲ್ಲ; ಮೂಲೆಗೊಂದಾದರೂ ಇದ್ದಿರಬೇಕು. ಉಳಿದವು ಗದ್ದೆಯಂಚಿನಲ್ಲಿವೆಯೋ, ಯಾರ ಮನೆಯ ಮೆಟ್ಟಿಲಾಗಿವೆಯೋ ಕಾಣೆವು. ಮಳೆಗಾಲದಲ್ಲಿ ಆ ತೊರೆಯ ಕಡೆ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ದೀಪಾವಳಿ ಕಳೆದು ದಾರಿ ಒಣಗಿದ ಮೇಲೆ ಹೋಗುವುದೆಂದು ತೀರ್ಮಾನವಾಗಿದೆ.